ಕೆಂಪು ಚೀಲ

ಮಂದಣ್ಣ ಕುಪ್ಯ ತಂದಿದ್ದಾರೆ, ಚೇಲೆಯೂ ಇದೆ.
ಮದುವೆ ಯಾರ ಮನೆಯಲ್ಲಿ ಎಂದೆ.
ಮದುವೆಯಲ್ಲ ಮಾರಾಯ, ಹಡಗು.
ಕೊನೆಯ ರಾತ್ರಿ ಕ್ಯಾಪ್ಟನ್ನಿನ ಜೊತೆ ಊಟವಂತೆ,
ಎಲ್ಲರೂ ಕೋಟು ಹಾಕಿದರೆ ನಾನೂ ಹಾಕಬೇಕೆ?

ರೈಲಿನ ಕೂಗೇ ಕೇಳದ ಜಿಲ್ಲೆ ನಮ್ಮದು.
ಅಂಚೆ ಕಚೇರಿಯಲ್ಲಿ ಮೂವತ್ತಾರು ವರ್ಷ
ಎಲ್ಲೆಲ್ಲಿಗೋ ಹೋಗುವ ಕಾಗದಕ್ಕೆ ಮುದ್ರೆ ಹೊಡೆದವರು
ನನ್ನ ಮೇಜಿನ ಮೇಲೆ ಬಣ್ಣದ ಪುಸ್ತಕ ಬಿಚ್ಚಿದರು.
ಹದಿನಾರು ಅಂತಸ್ತು! ವಿರಾಜಪೇಟೆಯ
ಚರ್ಚಿನ ಗೋಪುರದ ಮೇಲೆ ಗಡಿಯಾರ ಕಂಬ ನಿಲ್ಲಿಸಿದರೂ ಸಾಲದು.
ಆರು ಈಜುಕೊಳ, ಐಸ್‌ಕ್ರೀಮು ಬೇಕಾದಷ್ಟು.
ದೇಚಮ್ಮನಿಗೆ ಹಿಡಿಸಿದ್ದು ಬೇರೆ:
ಏಳು ದಿನ ಯಾರೂ ಬಂದು
ಇವತ್ತೇನು ಅಡುಗೆ ಎಂದು ಕೇಳುವುದಿಲ್ಲ.

ನೀನು ಇದ್ದವನಲ್ಲ ಹಿಲರಿ, ಹೇಳು, ಹೇಗಿರುತ್ತೆ?

ಇದ್ದೆ. ಒಂಬತ್ತು ವರ್ಷ. ನೀರಿನ ಮಟ್ಟಕ್ಕಿಂತ ಕೆಳಗೆ.
ಅಲ್ಲಿ ಸಮುದ್ರವೆಂದರೆ ಗೋಡೆಯಾಚೆ ಒಂದು ಸದ್ದು,
ಕತ್ತಲ ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕಿದ ಹಾಗೆ.
ನಾಲ್ಕು ಸಾವಿರ ಜನರ ಸುಖ ಕೊಳವೆಯಲ್ಲಿ ಜಾರಿ
ನನ್ನ ಕೈಗೆ ಬೀಳುತ್ತಿತ್ತು, ಇನ್ನೂ ಬೆಚ್ಚಗೆ:
ವೈನು, ಸನ್‌ಸ್ಕ್ರೀನು, ಕೇಕಿನ ಕೆನೆ,
ಒಮ್ಮೆ ಒಂದು ಹಲ್ಲುಸೆಟ್ಟು,
ದಿಂಬಿನ ಗವಸಿನೊಳಗೆ ತನ್ನಷ್ಟಕ್ಕೆ ನಗುತ್ತಾ.

ಆಮೇಲೆ ಕೆಂಪು ಚೀಲ.
ವಾಂತಿಯಾದ ಹಾಸಿಗೆ ಬರುವುದು ಅದರಲ್ಲಿ.
ಬಿಚ್ಚಬಾರದು, ಚೀಲದ ಸಮೇತ ಯಂತ್ರಕ್ಕೆ ಹಾಕಬೇಕು,
ನೀರಿನಲ್ಲಿ ಅದು ತಾನೇ ಕರಗುತ್ತದೆ.
ಸೋಮವಾರ ಎರಡು ಬಂತು. ಮಂಗಳವಾರ ಹನ್ನೊಂದು.
ಬುಧವಾರ ಎಣಿಸುವುದನ್ನು ಬಿಟ್ಟೆವು.
ಮೇಲೆ ಬ್ಯಾಂಡು ಇನ್ನೂ ಬಾರಿಸುತ್ತಿತ್ತು.
ಹಡಗಿಗೆ ಕಾಯಿಲೆ ಎಂದು ಕ್ಯಾಪ್ಟನ್ನಿಗಿಂತ ಮೊದಲು
ಗೊತ್ತಾಗುವುದು ಬಟ್ಟೆ ಒಗೆಯುವವನಿಗೆ.
ಗುರುವಾರ ಬಂದರು ಕಂಡಿತು,
ಬಂದರು ನಮ್ಮನ್ನು ಬೇಡವೆಂದಿತು.
ಕಿಟಕಿಯಿಲ್ಲದ ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡು ಕೂತರು,
ದುಡ್ಡು ಕೊಟ್ಟು ಕೊಂಡ ಏಳು ದಿನಗಳಲ್ಲಿ ಮೂರು.
ನನ್ನ ಮೇಲಿನ ಬಂಕಿನ ಫಿಲಿಪೀನ್ಸಿನ ಹುಡುಗ
ಜ್ವರದಲ್ಲೇ ಇಸ್ತ್ರಿ ತಿಕ್ಕಿದ. ಮಲಗಿದರೆ
ಮುಂದಿನ ಕಾಂಟ್ರಾಕ್ಟು ಸಿಗದೆಂಬ ಭಯ ಅವನಿಗೆ.

ಒಂದು ಸಲ ಇಳಿದಿದ್ದೆ, ಹೆಸರು ಮರೆತ ಒಂದು ದ್ವೀಪ.
ಒಂಬತ್ತಕ್ಕೆ ನಾಲ್ಕು ಸಾವಿರ ಜನ ಇಳಿದು, ಮೂರಕ್ಕೆ ಹತ್ತಿದರು.
ಮುದುಕಿಯೊಬ್ಬಳು ನನ್ನನ್ನೇ ನೋಡುತ್ತಾ
ಕಿಟಕಿಯ ಬಾಗಿಲು ಎಳೆದುಕೊಂಡಳು.
ಆ ಮುಖದ ಪರಿಚಯ ನನಗಿತ್ತು.
ಉದ್ದ ರಜೆಯ ಶನಿವಾರ ಮಡಿಕೇರಿಯಲ್ಲಿ
ಹಾಲಿಗೆಂದು ಹೊರಟ ನನ್ನ ಅತ್ತೆ
ಬಾಡಿಗೆ ಕಾರುಗಳ ನಡುವೆ ಸಿಕ್ಕಿ
ಪಾತ್ರೆ ಹಿಡಿದು ನಿಂತಾಗ ಇರುತ್ತದಲ್ಲ, ಅದೇ.

ಇದನ್ನೆಲ್ಲ ಹೇಳಿದೆನೇ? ಇಲ್ಲ.
ಪೀಚೆಕತ್ತಿ ಮನೆಯಲ್ಲೇ ಇರಲಿ ಎಂದೆ,
ಹತ್ತುವಾಗಲೇ ಕಿತ್ತುಕೊಳ್ಳುತ್ತಾರೆ.
ಕೈಯನ್ನು ಸೋಪಿನಲ್ಲೇ ತೊಳೆಯಿರಿ, ಬಾಟಲಿಯ ಜೆಲ್ಲು ನಂಬಬೇಡಿ.
ಒಣಶುಂಠಿ ಇರಲಿ. ಆದರೆ ಕಿಟಕಿ ಇರುವ ಕೋಣೆ ಕೇಳಿ.
ಮಂದಣ್ಣನ ಮುಖ ಸಪ್ಪಗಾದದ್ದು ಕತ್ತಿಗೆ ಮಾತ್ರ.
ಪೀಚೆಕತ್ತಿ ಇಲ್ಲದ ಕುಪ್ಯವಾ?
ಹಿಡಿಯಿಲ್ಲದ ಕೊಡೆಯ ಹಾಗೆ ಕಾಣುತ್ತೇನಲ್ಲೋ.

ಇನ್ನೊಂದನ್ನೂ ಹೇಳಲಿಲ್ಲ.
ಒಂದು ರಾತ್ರಿ ಪಾಳಿ ಮುಗಿಸಿ
ನಮ್ಮಂಥವರು ಹೋಗಬಾರದ ಮೆಟ್ಟಿಲು ಹತ್ತಿ
ಹಡಗಿನ ಮೂತಿಯಲ್ಲಿ ನಿಂತೆ.
ಯಾವ ದಿಕ್ಕಿಗೂ ಬೆಟ್ಟವಿರಲಿಲ್ಲ.
ಬೆಟ್ಟಕ್ಕೆ ಒರಗಿ ಬೆಳೆದವನಿಗೆ ಕಾಲು ನಡುಗಿತು.
ಆ ನಡುಕ ಇನ್ನೊಮ್ಮೆ ಸಿಗುವುದಾದರೆ
ಇಸ್ತ್ರಿಪೆಟ್ಟಿಗೆ ಮಾರಿಯಾದರೂ ನಾನೂ ಟಿಕೆಟು ಕೊಂಡೇನು,
ಕೆಂಪು ಚೀಲ ಗೊತ್ತಿದ್ದೂ.

ಹೊರಡುವಾಗ ದೇಚಮ್ಮ ಹಿಂದೆ ಉಳಿದು ಮೆಲ್ಲಗೆ ಕೇಳಿದರು:
ಅಲ್ಲಿ ಹಾಸಿಗೆ ಒಗೆಯುವವರಿಗೆ
ಎಷ್ಟು ಕೊಡಬೇಕು, ಯಾರ ಕೈಯಲ್ಲಿ ಕೊಡಬೇಕು?

ಅವರನ್ನು ನೀವು ನೋಡುವುದೇ ಇಲ್ಲ ದೇಚಮ್ಮ,
ಎನ್ನಲು ಹೋದವನು ತಲೆ ತಗ್ಗಿಸಿ ಚೀಟಿ ಬರೆದೆ.
ಕುಪ್ಯ ಒಂದು. ಚೇಲೆ ಒಂದು.
ಮಂಗಳವಾರ, ಸಂಜೆ ಐದರ ಮೇಲೆ.